ನಾದಿನಿ ಬರೆದ ಕಣ್ಣುಗಳು

ಕೋಪ ನನ್ನ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮನೆಯವರು ಸಿಕ್ಕವರಿಗೆಲ್ಲ ಹೇಳುತ್ತಾರೆ. ಹೇಳಲಿ. ಇಪ್ಪತ್ತೆರಡು ವರ್ಷ ಮುದ್ರಣಾಲಯದಲ್ಲಿ ಕೂತು ಬೇರೆಯವರು ಮಾಡಿದ ತಪ್ಪು ತಿದ್ದುವವಳಿಗೆ ಕೋಪ ಬರದೆ ನಗು ಬರುತ್ತದೆಯೇ? ಆದರೆ ಈಗ ಹೇಳಹೊರಟಿರುವುದು ನನ್ನದೇ ತಪ್ಪುಗಳನ್ನು. ಒಂದಲ್ಲ, ಎರಡು. ಮೊದಲನೆಯದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಎರಡನೆಯದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ನಾವು ಮೂವರು ಸೇರಿ ಒಂದು ಬ್ಲಾಗ್ ನಡೆಸುತ್ತೇವೆ. ಹೆಸರು ‘ಊರ ಕೈಗಳು’. ಸಂಬಳವಿಲ್ಲ, ರಜೆಯಿಲ್ಲ, ಭಾನುವಾರದ ನಿದ್ದೆಯಂತೂ ಇಲ್ಲವೇ ಇಲ್ಲ. ಮುದ್ರಣಾಲಯದ ಮಹಡಿಯ ಮೇಲೆ ಕಾಗದದ ರೀಮುಗಳನ್ನು ಪೇರಿಸಿಟ್ಟ ಕೋಣೆಯೇ ನಮ್ಮ ಕಚೇರಿ, ರೀಮುಗಳೇ ಕುರ್ಚಿ. ಈ ಊರಿನಲ್ಲಿ ಚಿತ್ರ ಬರೆಯುವವರು, ಮಣ್ಣು ಕಲೆಸುವವರು, ಪಿಟೀಲು ರಿಪೇರಿ ಮಾಡುವವರು, ನಾಟಕಕ್ಕೆ ಮುಖವಾಡ ಮಾಡುವವರು ಎಲ್ಲ ಇದ್ದಾರೆ. ಆದರೆ ಎದುರುಬದುರು ಮನೆಯಲ್ಲಿದ್ದರೂ ಒಬ್ಬರಿಗೊಬ್ಬರ ಗುರುತಿಲ್ಲ. ಅವರಿಗೆ ಪರಿಚಯ ಮಾಡಿಸುವುದೇ ನಮ್ಮ ಕೆಲಸ. ಬರೆಯುವವಳು ನಾನು. ಫೋಟೋ ತೆಗೆಯುವವರು ಕ್ಲಿಕ್ಕಣ್ಣ, ವಾರವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಸಾಧು ಮನುಷ್ಯ. ಕಂಪ್ಯೂಟರಿನ ಕೆಲಸವೆಲ್ಲ ನಾವು ‘ಗಡಿಬಿಡಿ’ ಎಂದು ಕರೆಯುವ ಗೆಳತಿಯದು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಮಿಕ್ಕಿದ್ದು ಹೆಸರಿನಲ್ಲೇ ಇದೆ.

ಮುಂದಿನ ವಾರ ಯಾರ ಬಳಿ ಹೋಗಬೇಕು ಎಂದು ತೀರ್ಮಾನಿಸುವವರು ನಾವಲ್ಲ. ಪ್ರತಿಯೊಬ್ಬರ ಜೊತೆ ಮಾತು ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತೇವೆ: “ಈ ಊರಲ್ಲಿ ಯಾರ ಕೆಲಸ ನೋಡಿದ್ರೆ ನಿಮಗೆ ಹೊಟ್ಟೆಕಿಚ್ಚಾಗುತ್ತೆ?” ಅವರು ಯಾರನ್ನು ತೋರಿಸುತ್ತಾರೋ ಮುಂದಿನ ಸರದಿ ಅವರದು. ಯಾರನ್ನು ಮೆಚ್ಚುತ್ತೀರಿ ಎಂದು ಕೇಳಿದರೆ ಜನ ಗುರುಗಳ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಾರೆ. ಹೊಟ್ಟೆಕಿಚ್ಚು ಎಂದರೆ ಮಾತ್ರ ನಿಜ ಬಾಯಿಬಿಡುತ್ತಾರೆ. ಹೀಗೆ ಮಡಕೆ ಮಾಡುವಾಕೆ ಬೀಗ ಮಾಡುವವನನ್ನು ತೋರಿಸಿ, ಬೀಗದವನು ಹಾಡುವವಳನ್ನು ತೋರಿಸಿ, ಆರು ವರ್ಷದಲ್ಲಿ ನೂರಎಪ್ಪತ್ತಮೂರು ಜನರಾಗಿದ್ದರು. ಸರಪಳಿ ಒಂದು ಸಲವೂ ತುಂಡಾಗಿರಲಿಲ್ಲ.

ನೂರಎಪ್ಪತ್ತನಾಲ್ಕನೆಯವರು ಭಾವಚಿತ್ರ ಬರೆಯುವ ಒಬ್ಬ ಹಿರಿಯ ಕಲಾವಿದರು. ಎಪ್ಪತ್ತು ದಾಟಿದ ವಯಸ್ಸು, ಮಾತು ಬಿಗಿ, ಜಂಬ ಮಾತ್ರ ಧಾರಾಳ. ಕ್ಲಿಕ್ಕಣ್ಣ ಅವರ ಮುಖದ ನಲವತ್ತು ಫೋಟೋ ತೆಗೆದರು. ಕೊನೆಗೆ ನಾನು ಪ್ರಶ್ನೆ ಕೇಳಿದೆ. ಈ ಮನುಷ್ಯನಿಗೆ ಯಾರ ಮೇಲೆ ಹೊಟ್ಟೆಕಿಚ್ಚಾದೀತು, ಕನ್ನಡಿಯನ್ನೇ ತೋರಿಸುತ್ತಾರೇನೋ ಎಂದು ಮನಸ್ಸಿನಲ್ಲೇ ನಗುತ್ತಿದ್ದೆ.

ಅವರು ಕುಂಚ ಒರೆಸುತ್ತಾ, “ನನ್ನ ಎಡಗಣ್ಣು ಬರೆದವರ ಮೇಲೆ” ಎಂದರು.

ನಮಗೆ ಅರ್ಥವಾಗಲಿಲ್ಲ. ಅವರು ಉಗುರಿನಿಂದ ತಮ್ಮ ಎಡಗಣ್ಣನ್ನು ಟಕ್ ಟಕ್ ಎಂದು ತಟ್ಟಿದರು. ಗಡಿಬಿಡಿ ಕಿರುಚಿಯೇಬಿಟ್ಟಳು. ಕ್ಲಿಕ್ಕಣ್ಣ ಕ್ಯಾಮೆರಾ ತೆಗೆದು ಆ ನಲವತ್ತು ಫೋಟೋಗಳನ್ನು ಒಂದೊಂದಾಗಿ ನೋಡಿದರು, ದೊಡ್ಡದು ಮಾಡಿ ನೋಡಿದರು, ಆಮೇಲೆ ಬೆವರು ಒರೆಸಿಕೊಂಡರು.

“ಹದಿನಾಲ್ಕು ವರ್ಷ ಆಯ್ತು” ಎಂದರು ಹಿರಿಯರು. “ನಾನು ಮುಖ ಬರೆದು ಹೆಸರು ಮಾಡಿದವನು. ನನ್ನ ಚಿತ್ರದ ಮುಂದೆ ನಿಂತವರು ಎಷ್ಟು ಚೆನ್ನಾಗಿ ಬರೆದಿದಾರೆ ಅಂತಾರೆ. ಆಕೆ ಬರೆದದ್ದು ನನ್ನ ಮುಖದಲ್ಲೇ ಇದೆ, ಯಾರೂ ಬರೆದದ್ದು ಅಂತಾನೇ ಅಂದುಕೊಂಡಿಲ್ಲ. ಹೊಟ್ಟೆ ಉರಿಯಲ್ವಾ? ಹಾಕ್ಕೊಳ್ಳಿ ನಿಮ್ಮ ಬ್ಲಾಗಲ್ಲಿ. ಈ ವಯಸ್ಸಲ್ಲಿ ನನಗಿನ್ಯಾರ ಭಯ!”

ಆಕೆಯ ಹೆಸರು ಅವರಿಗೂ ಗೊತ್ತಿರಲಿಲ್ಲ. ಕಣ್ಣಿನ ಆಸ್ಪತ್ರೆಯ ಮೂರನೇ ಮಹಡಿ, ಕೊನೆಯ ಕೋಣೆ, ಕಿಟಕಿಯ ಪಕ್ಕ ಕೂರುತ್ತಾರೆ ಎಂದಷ್ಟೇ ಹೇಳಿದರು.

“ಆ ಆಸ್ಪತ್ರೆಯಾ? ನಮ್ಮ ನಾದಿನಿ ಅಲ್ಲೇ ಕೆಲಸ ಮಾಡೋದು. ಇವತ್ತೇ ಕೇಳಿಬಿಡ್ತೀನಿ” ಎಂದೆ ನಾನು, ಆಸ್ಪತ್ರೆ ನನ್ನದೇ ಎಂಬ ಹಾಗೆ.

ನನ್ನ ಗಂಡನ ತಂಗಿ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಐದೂವರೆಗೆ ವಾಪಸ್ಸು. ಮಾತು ಕಡಿಮೆ. ಆಸ್ಪತ್ರೆಯಲ್ಲಿ ಏನೋ ಕನ್ನಡಕದ ಕೆಲಸ ಎಂದು ನಾವೆಲ್ಲ ತಿಳಿದಿದ್ದೆವು. ಅಂದು ಊಟಕ್ಕೆ ಕೂತಾಗ, “ಅಲ್ಲಮ್ಮಾ, ನಿಮ್ಮಾಸ್ಪತ್ರೇಲಿ ಕಣ್ಣು ಮಾಡೋರು ಯಾರೋ ಇದಾರಂತಲ್ಲ, ಯಾರದು?” ಎಂದು ಕೇಳಿದೆ.

“ಅದು ನಾನೇ ಅತ್ತಿಗೆ. ಆ ಉಪ್ಪಿನ ಡಬ್ಬಿ ಈ ಕಡೆ ಕೊಡ್ತೀರಾ?” ಎಂದಳು.

ನಮ್ಮನೆಯವರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನನಗೆ ಮೊದಲು ಬಂದದ್ದು ಕೋಪವೇ. “ಹನ್ನೊಂದು ವರ್ಷದಿಂದ ಒಂದು ಮಾತು ಹೇಳಲಿಲ್ವಲ್ಲೇ!” ಎಂದು ಕೂಗಿದೆ.

“ನೀವು ಕೇಳಲಿಲ್ವಲ್ಲ” ಎಂದಳು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಊರಿನ ನೂರಎಪ್ಪತ್ತನಾಲ್ಕು ಜನರ ಕೆಲಸದ ಕೋಣೆಗೆ ನುಗ್ಗಿ ಕುಂಚದಲ್ಲಿ ಎಷ್ಟು ಕೂದಲಿದೆ ಎಂದು ಕೇಳಿದವಳು ನಾನು. ದಿನಾ ನನ್ನ ಪಕ್ಕದಲ್ಲೇ ಕೂತು ಉಣ್ಣುವವಳನ್ನು ದಿನವಿಡೀ ಏನು ಮಾಡುತ್ತೀಯೆ ಎಂದು ಒಂದು ದಿನವೂ ಕೇಳಿರಲಿಲ್ಲ. ನನ್ನ ಮೊದಲ ತಪ್ಪು ಇದು.

ಬ್ಲಾಗಿನ ಮಾತೆತ್ತಿದರೆ, “ಅಯ್ಯೋ, ನನ್ನ ಬಗ್ಗೆ ಏನಿದೆ ಬರೆಯಕ್ಕೆ” ಎಂದಳು. ಸರಪಳಿ ತುಂಡಾಗುತ್ತದೆ ಎಂದು ಗೋಗರೆದ ಮೇಲೆ, ಬಂದು ಸುಮ್ಮನೆ ಕೂತು ನೋಡುವುದಾದರೆ ನೋಡಿ ಎಂದು ಒಪ್ಪಿದಳು. ಶನಿವಾರ ನಾನು ಮತ್ತು ಕ್ಲಿಕ್ಕಣ್ಣ ಹೋದೆವು. ಸಣ್ಣ ಕೋಣೆ. ಉತ್ತರದ ಕಿಟಕಿ, ಕಿಟಕಿಗೆ ತಾಗಿದ ಮೇಜು, ಎದುರುಬದುರು ಎರಡು ಸ್ಟೂಲು. ಗೋಡೆಯ ಮೇಲೆ ಒಂದು ಚಿತ್ರವಿಲ್ಲ. ಅವತ್ತು ಬಂದಿದ್ದವನು ಒಬ್ಬ ಬಡಗಿ. ಮೂರು ತಿಂಗಳ ಹಿಂದೆ ಮರದ ಸಿಬಿರು ಹೊಡೆದು ಬಲಗಣ್ಣು ಹೋಗಿತ್ತಂತೆ. ಅವನು ನೆಲ ನೋಡುತ್ತಲೇ ಕೂತಿದ್ದ.

“ನೆಲ ಬೇಡ, ನನ್ನನ್ನ ನೋಡಿ” ಎಂದಳು ನನ್ನ ನಾದಿನಿ. ಮನೆಯಲ್ಲಿ ನಾನು ಎಂದೂ ಕೇಳದ ದನಿ ಅದು. ಅವನು ತಲೆಯೆತ್ತಿದ. ಆಮೇಲೆ ನಾಲ್ಕು ಗಂಟೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು.

ಮೇಣದಲ್ಲಿ ಅಚ್ಚು ತೆಗೆದು ಎರಕ ಹೊಯ್ದ ಬಿಳಿಯ ಚಿಪ್ಪು ಮೊದಲೇ ಸಿದ್ಧವಿತ್ತು. ಕಣ್ಣಿನ ನಡುವಿನ ಬಣ್ಣದ ವೃತ್ತಕ್ಕೆ ಅಂಗಿಯ ಗುಂಡಿಯಷ್ಟಿರುವ ಕಪ್ಪು ಬಿಲ್ಲೆ. ಅದರ ಮೇಲೆ ಅವಳು ಬಣ್ಣ ಇಟ್ಟಳು. ಕಂದು ಎಂದು ನಾವು ಒಂದೇ ಮಾತಿನಲ್ಲಿ ಹೇಳುವ ಬಣ್ಣಕ್ಕೆ ಹನ್ನೊಂದು ಬಣ್ಣ ಬೆರೆಸಿದಳು. ಮೂರೇ ಕೂದಲಿನ ಕುಂಚದಿಂದ ನಡುವಿನಿಂದ ಅಂಚಿಗೆ ಗೆರೆ ಎಳೆದಳು, ಪ್ರತಿ ಗೆರೆಗೂ ಒಂದು ಸಲ ಅವನ ಇನ್ನೊಂದು ಕಣ್ಣನ್ನು ನೋಡಿದಳು. ಆಮೇಲೆ ಬಿಳಿಯ ಭಾಗ. ಕೆಂಪು ರೇಷ್ಮೆ ದಾರವನ್ನು ಸೂಜಿಯಿಂದ ಬಿಡಿಸಿ, ಕಂಡೂ ಕಾಣದಂಥ ಎಳೆಗಳನ್ನಾಗಿ ಮಾಡಿ, ನರದ ಹಾಗೆ ಒಂದೊಂದಾಗಿ ಅಂಟಿಸಿದಳು. “ಬಿಸಿಲಲ್ಲಿ ಕೆಲಸ ಮಾಡೋರ ಕಣ್ಣಿನ ಬಿಳಿ ಪೂರ್ತಿ ಬಿಳಿ ಇರಲ್ಲ ಅತ್ತಿಗೆ, ಮೂಲೇಲಿ ಸ್ವಲ್ಪ ಹಳದಿ ಇರುತ್ತೆ. ಅದನ್ನ ಬಿಟ್ರೆ ಅವರ ಕಣ್ಣೇ ಆಗಲ್ಲ” ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಕಣ್ಣನ್ನೂ ನಾನು ಅಷ್ಟು ಹೊತ್ತು ನೋಡಿಲ್ಲ. ಉಸಿರು ಜೋರಾಗಿ ಬಿಟ್ಟರೆ ಎಲ್ಲಿ ಆ ಎಳೆ ಹಾರಿಹೋಗುತ್ತದೋ ಎಂದು ನಾನೂ ಕ್ಲಿಕ್ಕಣ್ಣನೂ ಗೋಡೆಗಂಟಿ ನಿಂತಿದ್ದೆವು.

ಮೆರುಗು ಕೊಟ್ಟು, ತೊಳೆದು ಹಾಕುವ ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಬಡಗಿಯ ಹೆಂಡತಿ ಒಳಗೆ ಬಂದಳು. ಗಂಡನ ಮುಖ ನೋಡಿದಳು, ಇನ್ನೊಮ್ಮೆ ನೋಡಿದಳು. ಬಾಗಿಲು ದಾಟುವಾಗ ಇದ್ದಕ್ಕಿದ್ದಂತೆ, “ಅಲ್ಲ, ಹೊಸ ಕೊಡೆ ಬಸ್ಸಲ್ಲೇ ಬಿಟ್ಟು ಬಂದಿದೀರಲ್ಲ, ನಿಮಗೆ ಬುದ್ಧಿ ಬರೋದ್ಯಾವಾಗ?” ಎಂದು ಶುರು ಹಚ್ಚಿದಳು. ಬಡಗಿ ನಮ್ಮ ಕಡೆ ತಿರುಗಿ ಹಲ್ಲು ಬಿಟ್ಟ. “ಮೂರು ತಿಂಗಳಿಂದ ನನ್ನನ್ನ ಬೈದೇ ಇರಲಿಲ್ಲ ಇವಳು” ಎಂದ.

ಅವರು ಹೋದ ಮೇಲೆ ಮೇಜಿನ ಮೇಲಿದ್ದ ಒಂದು ಕಾಗದ ನನ್ನ ಕಣ್ಣಿಗೆ ಬಿತ್ತು. ಓದದೆ ಬಿಡುವ ಜಾತಿ ನನ್ನದಲ್ಲ. ತಿಂಗಳ ಕೊನೆಗೆ ಈ ಕೋಣೆ ಮುಚ್ಚುತ್ತಾರೆ, ಇನ್ನು ಮುಂದೆ ಸಿದ್ಧ ಕಣ್ಣುಗಳನ್ನು ಹೊರಗಿನಿಂದ ಪೆಟ್ಟಿಗೆಯಲ್ಲಿ ತರಿಸುತ್ತಾರೆ, ಮೂರು ಅಳತೆ, ಹನ್ನೆರಡು ಬಣ್ಣ. ಕಣ್ಣು ಬರೆಯುವವರು ಕನ್ನಡಕದ ಕೌಂಟರಿಗೆ ಹೋಗಲು ಒಪ್ಪಿ ಸಹಿ ಹಾಕಬೇಕು. ಹದಿನೆಂಟು ವರ್ಷ ಅವಳು ಕೂತ ಸ್ಟೂಲಿಗೆ ಇನ್ನು ಹನ್ನೊಂದು ದಿನ ಉಳಿದಿತ್ತು.

“ಸಹಿ ಹಾಕ್ತೀಯಾ?” ಎಂದು ಕೇಳಿದೆ.

“ಹಾಕ್ಬೇಕು. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ ಅಂತಾರೆ ನಮ್ಮ ದೊಡ್ಡ ಡಾಕ್ಟರ್ ಮೇಡಂ. ಇರಬಹುದು. ಒಬ್ಬರೂ ವಾಪಸ್ ಬಂದು ಚೆನ್ನಾಗಿದೆ ಅಂದಿಲ್ಲ, ಕೆಟ್ಟದಾಗಿದೆ ಅಂತಾನೂ ಅಂದಿಲ್ಲ. ಹಾಕ್ಕೊಂಡು ಹೋದ ಮೇಲೆ ಮರೆತುಬಿಡ್ತಾರೆ, ಮರೀಲಿ ಅಂತಾನೇ ಮಾಡೋದು. ಬೀದೀಲಿ ಎದುರಾದ್ರೆ ನಾನಾಗಿ ಮಾತಾಡ್ಸಲ್ಲ. ಪಕ್ಕದಲ್ಲಿರೋರು ಯಾರಿದು ಅಂತ ಕೇಳಿದ್ರೆ ಅವರು ಏನು ಹೇಳ್ಬೇಕು?” ಕುಂಚ ತೊಳೆದು ಒರೆಸಿಟ್ಟಳು. “ನಾನು ಚೆನ್ನಾಗಿ ಮಾಡ್ತೀನೋ ಇಲ್ವೋ ನನಗೇ ಗೊತ್ತಿಲ್ಲ ಅತ್ತಿಗೆ. ನೋಡಿದ ತಕ್ಷಣ ಯಾವುದು ನಂದು ಅಂತ ನನಗಂತೂ ಗೊತ್ತಾಗಿಬಿಡುತ್ತೆ. ಇಲ್ಲಿ ಒಂದು ಗೆರೆ ದಪ್ಪ, ಅಲ್ಲಿ ಬಣ್ಣ ಒಂಚೂರು ಜಾಸ್ತಿ. ಬರೀ ತಪ್ಪೇ ಕಾಣುತ್ತೆ.”

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ನೇರ ಮುದ್ರಣಾಲಯದ ಮಹಡಿ ಹತ್ತಿ, ಗಡಿಬಿಡಿಯನ್ನು ಕರೆಸಿ, ರೀಮುಗಳ ಮೇಲೆ ಕೂತು ಲೆಕ್ಕಾಚಾರ ಶುರುಮಾಡಿದೆವು. ನಮ್ಮ ಬ್ಲಾಗಿನಲ್ಲಿ ಕೆಲಸದ ಫೋಟೋ ಇಲ್ಲದೆ ಲೇಖನ ಹಾಕುವ ಹಾಗಿಲ್ಲ. ಇವಳ ಕೆಲಸ ಇರುವುದು ಜನರ ಮುಖದಲ್ಲಿ, ಅದೂ ಕೆಲಸ ಎಂದು ಯಾರಿಗೂ ಗೊತ್ತಾಗಬಾರದೆಂದೇ ಮಾಡಿದ್ದು. ಕ್ಲಿಕ್ಕಣ್ಣನೇ ದಾರಿ ಹೇಳಿದರು. ಫೋಟೋ ಇರಬೇಕಾದ ಜಾಗದಲ್ಲಿ ಖಾಲಿ ಚೌಕ ಹಾಕಿದೆವು. ಕೆಳಗೆ ನಾನು ಬರೆದೆ: “ಈಕೆ ಬರೆದ ಕಣ್ಣು ನಿಮ್ಮಲ್ಲಿದ್ದರೆ ನಿಮ್ಮ ಮುಖದ ಒಂದು ಫೋಟೋ ಕಳಿಸಿ. ಎರಡರಲ್ಲಿ ಒಂದು ಕಣ್ಣು ಇವರದು. ಯಾವುದು ಎಂದು ನಾವು ಯಾರಿಗೂ ಹೇಳುವುದಿಲ್ಲ.” ತಿಂಗಳ ಕೊನೆಗೆ ಕೋಣೆ ಮುಚ್ಚುವ ವಿಷಯವನ್ನೂ ಸೇರಿಸಿದೆವು. ಓದಿ ಕೇಳಿಸಿದಾಗ ನಾದಿನಿ, “ಯಾರೂ ಕಳಿಸಲ್ಲ ಬಿಡಿ” ಎಂದು ಬಟ್ಟೆ ಮಡಚಲು ಎದ್ದುಹೋದಳು.

ಮೊದಲ ಎರಡು ದಿನ ಒಂದೂ ಬರಲಿಲ್ಲ. ಮೂರನೇ ದಿನ ಹಿರಿಯ ಕಲಾವಿದರು ತಮ್ಮದನ್ನು ಕಳಿಸಿದರು. ಅದೇ ಮಧ್ಯಾಹ್ನ ಒಬ್ಬ ಈಜು ತರಬೇತುದಾರ, ಸಂಜೆ ಒಬ್ಬ ಪೋಸ್ಟ್‌ಮನ್. ಆಮೇಲೆ ತಡೆಯೇ ಇರಲಿಲ್ಲ. ನಾನು ದಿನಾ ಹತ್ತುವ ಬಸ್ಸಿನ ಕಂಡಕ್ಟರ್, ಒಂಬತ್ತು ವರ್ಷದಿಂದ ನನಗೆ ಟಿಕೆಟ್ ಕೊಟ್ಟು ನನ್ನ ಕೈಯಲ್ಲಿ ಚಿಲ್ಲರೆಗೆ ಬೈಸಿಕೊಂಡವಳು. ಗಡಿಬಿಡಿಯ ಶಾಲೆಯ ಮುಖ್ಯೋಪಾಧ್ಯಾಯರು, ಯಾರ ಕಣ್ಣಿಗೆ ಬೀಳುತ್ತೇನೋ ಎಂದು ಅವಳು ದಿನಾ ನಡುಗುತ್ತಾಳೋ ಅವರು. ಅವರ ಫೋಟೋ ತೆರೆದಾಗ ಅವಳು ಕುರ್ಚಿಯಾಗಿದ್ದ ರೀಮಿನಿಂದ ಜಾರಿ ನೆಲಕ್ಕೆ ಕೂತಳು. ಹತ್ತು ದಿನದಲ್ಲಿ ಅರವತ್ತೊಂದು ಮುಖಗಳು. ಕ್ಲಿಕ್ಕಣ್ಣ ಎಲ್ಲವನ್ನೂ ಪ್ರಿಂಟ್ ಹಾಕಿ ನೆಲದ ಮೇಲೆ ಸಾಲಾಗಿ ಹರಡಿದರು. ನೂರಇಪ್ಪತ್ತೆರಡು ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಮೂವರೂ ಮಂಡಿಯೂರಿ ಹುಡುಕಿದೆವು. ಒಂದನ್ನೂ ಹಿಡಿಯಲಾಗಲಿಲ್ಲ. ಈ ಊರನ್ನು ನಾವು ಆರು ವರ್ಷದಿಂದ ನೋಡುತ್ತಿದ್ದೇವೆ ಎಂದು ಬೀಗುತ್ತಿದ್ದೆನಲ್ಲ, ಆ ಜಂಬ ಅಲ್ಲೇ ಇಳಿಯಿತು. ಕ್ಲಿಕ್ಕಣ್ಣ ಚಪ್ಪಲಿ ಬಿಟ್ಟು ಆ ಫೋಟೋಗಳ ನಡುವೆ ಓಡಾಡಿದರು.

ಕೊನೆಯ ದಿನ ಬೆಳಿಗ್ಗೆ ಆ ಕಟ್ಟು ಹಿಡಿದು ಆಸ್ಪತ್ರೆಯ ಮುಖ್ಯ ವೈದ್ಯೆಯ ಕೋಣೆಗೆ ಹೋದೆವು. ಕೆಟ್ಟವರೇನಲ್ಲ, ಸಮಯವಿಲ್ಲದವರು. ಕೋಣೆ ಮುಚ್ಚುವ ವಿಷಯಕ್ಕೆ ಮಧ್ಯಾಹ್ನ ಆಸ್ಪತ್ರೆಯ ಸಮಿತಿ ಸೇರುವುದಿತ್ತು. ಫೋಟೋಗಳನ್ನು ಸರಸರನೆ ತಿರುವಿ ಹಾಕಿ, “ಯಾವ ಕಣ್ಣು?” ಎಂದರು.

ನಾವು ಮೂವರೂ ಮುಖಮುಖ ನೋಡಿಕೊಂಡೆವು.

“ಹೇಳಲ್ಲ ಅಂತ ಬರೆದಿದೀರಿ, ಸರಿ. ನಿಮಗಾದ್ರೂ ಗೊತ್ತಿರಬೇಕಲ್ಲ?”

ಇದೇ ನನ್ನ ಎರಡನೇ ತಪ್ಪು. ಯಾರಿಗೂ ಹೇಳುವುದಿಲ್ಲ ಎಂಬ ನನ್ನ ವಾಕ್ಯ ನನಗೇ ಎಷ್ಟು ಹಿಡಿಸಿತ್ತೆಂದರೆ, ಕಳಿಸುವವರನ್ನು ಎಡವೋ ಬಲವೋ ಎಂದು ಕೇಳುವುದನ್ನೇ ಮರೆತಿದ್ದೆ. ಅಲ್ಪವಿರಾಮ ತಪ್ಪಿದರೆ ಇಡೀ ಪುಟ ವಾಪಸ್ ಕಳಿಸುವವಳು ನಾನು.

“ಫೋಟೋ ಯಾರು ಬೇಕಾದ್ರೂ ಕಳಿಸಬಹುದು” ಎಂದರು ವೈದ್ಯೆ. “ಎರಡೂ ಕಣ್ಣು ಸರಿ ಇರೋರು ತಮಾಷೆಗೆ ಕಳಿಸಿಲ್ಲ ಅಂತ ಏನು ನಂಬಿಕೆ? ಇದನ್ನ ಹಿಡ್ಕೊಂಡು ನಾನು ಸಮಿತಿ ಮುಂದೆ ಏನಂತ ಹೇಳಲಿ?”

“ಅವಳನ್ನೇ ಕರೆಸಿ. ನೋಡಿದ ತಕ್ಷಣ ಗೊತ್ತಾಗುತ್ತೆ ಅಂದಿದಾಳೆ” ಎಂದೆ.

ವೈದ್ಯೆ ಗಡಿಯಾರ ನೋಡಿದರು, ಆಮೇಲೆ ಗುಮಾಸ್ತರನ್ನು ಕರೆದು ರೋಗಿಗಳ ರಿಜಿಸ್ಟರ್ ತರಲು ಹೇಳಿದರು. ನಾದಿನಿ ಕೈ ಒರೆಸಿಕೊಳ್ಳುತ್ತಾ ಬಂದಳು. ಸಹಿ ಹಾಕಿದ ಕಾಗದ ಅವಳ ಕೈಯಲ್ಲೇ ಇತ್ತು. ಕಟ್ಟನ್ನು ಅವಳ ಮುಂದಿಟ್ಟಾಗ ಅವಳಿಗೆ ಅದೇನೆಂದೇ ಹೊಳೆಯಲಿಲ್ಲ. ಎಷ್ಟು ಜನ ಕಳಿಸಿದರೆಂದು ನಾವು ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ. ಮೊದಲ ಮುಖ ನೋಡಿದಳು. ಎರಡನೆಯದು ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು.

“ಎಡ” ಎಂದಳು. ಗುಮಾಸ್ತರು ಫೋಟೋದ ಹಿಂದಿದ್ದ ಹೆಸರನ್ನು ರಿಜಿಸ್ಟರಿನಲ್ಲಿ ಹುಡುಕಿ, “ಎಡ” ಎಂದರು. “ಬಲ. ಇವರು ತಾಯಿ ಜೊತೆ ಬಂದಿದ್ರು, ತಾಯಿ ಕಣ್ಣೂ ಇದೇ ಬಣ್ಣ.” “ಬಲ” ಎಂದರು ಗುಮಾಸ್ತರು. “ಎಡ. ಇಲ್ಲಿ ನೋಡಿ, ಹಳದಿ ಜಾಸ್ತಿ ಆಗಿದೆ, ನನ್ನ ತಪ್ಪು.” “ಎಡ.” ಒಂದು ಹೆಸರನ್ನೂ ಅವಳು ಹೇಳಲಿಲ್ಲ, ಹೆಸರುಗಳು ಅವಳಿಗೆ ನೆನಪಿರಲಿಲ್ಲ. ಕಣ್ಣು ನೆನಪಿತ್ತು. ಇಪ್ಪತ್ತು ಮುಗಿಯುವಷ್ಟರಲ್ಲಿ ವೈದ್ಯೆ ಪೆನ್ನು ಕೆಳಗಿಟ್ಟಿದ್ದರು. ಮೂವತ್ತೆಂಟನೆಯದಕ್ಕೆ ಇವಳು ಬಲ ಎಂದಳು, ಗುಮಾಸ್ತರು, “ಇಲ್ಲ, ಎಡ ಅಂತಿದೆ” ಎಂದರು. ಅವಳು ಫೋಟೋವನ್ನು ಇನ್ನೊಮ್ಮೆ ನೋಡಿ, “ಅಂಗಿ ಜೇಬು ನೋಡಿ, ಬಲಗಡೆ ಇದೆ. ಮೊಬೈಲಲ್ಲಿ ತಾವೇ ತೆಗೆದುಕೊಂಡಿದಾರೆ, ಫೋಟೋ ಕನ್ನಡಿ ಥರ ತಿರುಗಿದೆ” ಎಂದಳು. ಗುಮಾಸ್ತರು ಎದ್ದು ನಿಂತರು. ಆಮೇಲೆ ಕೊನೆಯವರೆಗೂ ಅವರು ಕೂರಲಿಲ್ಲ.

ಅರವತ್ತು ಆಯಿತು. ಕೊನೆಯದು ಹೊಲಿಗೆ ಯಂತ್ರದ ಮುಂದೆ ಕೂತ ನಡುವಯಸ್ಸಿನ ಒಬ್ಬ ಹೆಂಗಸಿನದು. ಸಾಧಾರಣ ಮುಖ, ನೇರ ನೋಟ. ನಾದಿನಿ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಕಿಟಕಿಯ ಬಳಿ ಒಯ್ದು ನೋಡಿದಳು. ಒಂದು ನಿಮಿಷವಾಯಿತು, ಎರಡಾಯಿತು. ಗಡಿಬಿಡಿ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ಇಳಿಯಿತು.

“ಇವರು ನನ್ನ ಹತ್ರ ಬಂದಿದ್ರು. ಒಂದು ಪೂರ್ತಿ ದಿನ ಕೂತಿದ್ರು, ಚೆನ್ನಾಗಿ ನೆನಪಿದೆ” ಎಂದಳು. “ಆದ್ರೆ ಯಾವುದು ನಂದು ಅಂತ ಗೊತ್ತಾಗ್ತಿಲ್ಲ ಮೇಡಂ.”

ಗುಮಾಸ್ತರು ಪುಟ ತಿರುಗಿಸಿ ಹೆಸರಿನ ಮೇಲೆ ಬೆರಳಿಟ್ಟರು. ನಾದಿನಿ ಧಾವಿಸಿ ಬಂದು ರಿಜಿಸ್ಟರಿನ ಮೇಲೆ ಅಂಗೈ ಊರಿದಳು. “ಓದಬೇಡಿ” ಎಂದಳು. “ದಯವಿಟ್ಟು ಓದಬೇಡಿ.”

ವೈದ್ಯೆ ಎದ್ದು ಬಂದು ಆ ಫೋಟೋ ತೆಗೆದುಕೊಂಡರು. ಮೂವತ್ತು ವರ್ಷ ಕಣ್ಣನ್ನೇ ನೋಡಿದವರು. ಡ್ರಾಯರಿನಿಂದ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ಹುಷಾರಾಗಿ ಇಟ್ಟು, ನಾದಿನಿಯ ಕೈಯ ಕೆಳಗಿನಿಂದ ರಿಜಿಸ್ಟರ್ ಎಳೆದು ಮುಚ್ಚಿದರು. “ಆ ಸಿದ್ಧ ಕಣ್ಣಿನ ಪೆಟ್ಟಿಗೆಗಳು ಬೇಡ ಅಂತ ಪತ್ರ ತಯಾರು ಮಾಡಿ” ಎಂದರು ಗುಮಾಸ್ತರಿಗೆ. “ಸಮಿತಿಗೆ ನಾನು ಹೇಳ್ತೀನಿ.”

ಗಡಿಬಿಡಿ ಅತ್ತೇಬಿಟ್ಟಳು. ಕ್ಲಿಕ್ಕಣ್ಣ ಎರಡೂ ಕೈ ಜೋಡಿಸಿ ನಿಂತಿದ್ದರು. ನಾದಿನಿಗೆ ಇದ್ಯಾವುದೂ ಕಿವಿಗೆ ಬಿದ್ದ ಹಾಗಿರಲಿಲ್ಲ. ಅವಳು ಆ ಹೆಂಗಸಿನ ಫೋಟೋವನ್ನು ಮತ್ತೆ ಎತ್ತಿಕೊಂಡು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ನೋಡುತ್ತಿದ್ದಳು.

“ಅತ್ತಿಗೆ, ಇಷ್ಟು ಚೆನ್ನಾಗಿ ಮಾಡ್ತೀನಾ ನಾನು?” ಎಂದು ಕೇಳಿದಳು.